ಕಂಸದೊಳಗಿನ ಕೆಮ್ಮು

ಪತ್ರಗಳಲ್ಲಿ ಕಂಸದೊಳಗೆ ಬರೆದದ್ದನ್ನು ನಾನು ಮೊದಲು ಓದುತ್ತೇನೆ. ಈ ಅಂಕಣವನ್ನು ಬಹಳ ದಿನಗಳಿಂದ ಓದುತ್ತಿರುವವರಿಗೆ ನನ್ನ ಈ ಚಾಳಿ ಗೊತ್ತು. ಜನ ಪುಟಗಟ್ಟಲೆ ದೂರು ಬರೆದು, ನಿಜವಾದ ನೋವನ್ನು ಎರಡು ಅರ್ಧಚಂದ್ರಗಳ ನಡುವೆ ಬಚ್ಚಿಡುತ್ತಾರೆ. ಈ ವಾರ ಬಂದ ಐದು ಪುಟಗಳ ಪತ್ರದಲ್ಲಿ ಅಂಥ ಒಂದೇ ಒಂದು ಕಂಸವಿದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬರೆದವರಿಗೂ ಹತ್ತುತ್ತಿಲ್ಲ, ವಿಷಯವೇ ಅದು.

ಸಂಗತಿ ಇಷ್ಟು. ಬರೆದವರ ವಯಸ್ಸು 41. ತೂಕ ಇಳಿಸಲೆಂದು ಶಸ್ತ್ರಚಿಕಿತ್ಸೆಯಲ್ಲಿ ಜಠರಕ್ಕೆ ಗ್ಯಾಸ್ಟ್ರಿಕ್ ಬ್ಯಾಂಡ್ ಎಂಬ ಪಟ್ಟಿ ಹಾಕಿಸಿಕೊಂಡು 14 ತಿಂಗಳಾಗಿದೆ. ಮೊದಲ ಏಳು ತಿಂಗಳಲ್ಲಿ 19 ಕಿಲೋ ಇಳಿಯಿತು. ಆಮೇಲೆ ಬ್ಯಾಂಡನ್ನು ಇನ್ನೊಮ್ಮೆ ಬಿಗಿ ಮಾಡಿಸಿದರು. ಅಲ್ಲಿಂದಾಚೆಗೆ ತೂಕ ಇಳಿಯುವುದು ನಿಂತಿತು, ಈಗ 4 ಕಿಲೋ ಮರಳಿ ಬಂದಿದೆ. ಅನ್ನ, ಬ್ರೆಡ್, ಮಾಂಸ ಯಾವುದೂ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಎಲ್ಲರೊಡನೆ ಊಟಕ್ಕೆ ಕೂತರೆ ನಾಲ್ಕನೇ ತುತ್ತಿಗೆ ಎದ್ದು ಬಚ್ಚಲಿಗೆ ಓಡಬೇಕು. ಶಸ್ತ್ರಚಿಕಿತ್ಸೆಯ ವಿಷಯವನ್ನು ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಗಂಡ ಊಟದ ಹೊತ್ತಿಗೆ ತಟ್ಟೆಯನ್ನೇ ನೋಡುತ್ತ ಕೂರುತ್ತಾರೆ, ಅದೊಂದು ಕಿರಿಕಿರಿ. ಅಕ್ಕ ಪ್ರತಿ ಸೋಮವಾರ ಫೋನ್ ಮಾಡಿ ತೂಕ ಕೇಳುತ್ತಾರೆ. ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ ಅರ್ಧ ಅವರದು. ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಇವರು ಐಸ್ ಕ್ರೀಮ್ ತಿನ್ನುತ್ತಾರೆ, ತಿಂದು ಅಳುತ್ತಾರೆ. ಅವರು ನನ್ನನ್ನು ಕೇಳಿರುವುದು ಎರಡು ಪ್ರಶ್ನೆ. ಸಹೋದ್ಯೋಗಿಗಳಿಗೆ ನಿಜ ಹೇಳಬೇಕೇ? ತನಗೆ ಮನೋಬಲವೇ ಇಲ್ಲವೇ?

ಇನ್ನು, ನಾಲ್ಕನೇ ಪುಟದ ಕೊನೆಯಲ್ಲಿರುವ ಆ ಕಂಸ: '(ರಾತ್ರಿ ಸ್ವಲ್ಪ ಕೆಮ್ಮು, ಮೂರು ದಿಂಬು ಇಟ್ಟುಕೊಂಡು ಮಲಗುತ್ತೇನೆ, ಅದು ಬಿಡಿ.)'

ಬಿಡುವುದಿಲ್ಲ.

ನಿಮ್ಮ ಹೊಟ್ಟೆಯೊಳಗೆ ಏನಿದೆ ಎಂಬುದು ನಿಮಗೆ ಗೊತ್ತೇ ಇರುತ್ತದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ, ಬೇರೆಯವರೂ ಓದಲಿ. ಬ್ಯಾಂಡ್ ಎಂದರೆ ಜಠರದ ಮೇಲ್ಭಾಗಕ್ಕೆ ತೊಡಿಸಿದ ಸಿಲಿಕೋನ್ ಪಟ್ಟಿ. ಪಟ್ಟಿಯ ಒಳಬದಿ ಬಲೂನಿನಂತೆ ಉಬ್ಬಬಲ್ಲದು. ಅಲ್ಲಿಂದ ಹೊರಟ ಒಂದು ಸಪೂರ ನಳಿಕೆ ಹೊಟ್ಟೆಯ ಚರ್ಮದ ಅಡಿಯಲ್ಲಿರುವ ಪೋರ್ಟ್‌ಗೆ ಸೇರಿಕೊಂಡಿರುತ್ತದೆ. ವೈದ್ಯರು ಪೋರ್ಟ್‌ಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ಹೊರಗೆಳೆದರೆ ಸಡಿಲವಾಗುತ್ತದೆ. ಪಟ್ಟಿಯ ಮೇಲೆ ಉಳಿಯುವ ಚೀಲ ಒಂದೆರಡು ದೊಡ್ಡ ಚಮಚ ಹಿಡಿಸುವಷ್ಟು. ಹಾಕಿಸಿಕೊಂಡವರಲ್ಲಿ ಅನೇಕರು ಈ ಪುಟ್ಟ ಚೀಲವನ್ನು ಡಬ್ಬಿಯಂತೆ ತುಂಬಿಸಬೇಕು, ತುಂಬಿದಾಗ ಊಟ ಮುಗಿಯಿತು ಎಂದುಕೊಂಡಿರುತ್ತಾರೆ. ಅದು ತಪ್ಪು ತಿಳಿವಳಿಕೆ. ಬ್ಯಾಂಡ್ ಹದವಾಗಿದ್ದರೆ ಅನ್ನನಾಳ ಕೆಲವು ಸಲ ಒತ್ತಿ ಒತ್ತಿ ಪ್ರತಿ ತುತ್ತನ್ನೂ ಒಂದು ನಿಮಿಷದ ಆಸುಪಾಸಿನಲ್ಲಿ ಪಟ್ಟಿಯಾಚೆಗೆ ದಾಟಿಸುತ್ತದೆ. ಹೀಗೆ ದಾಟುವಾಗ ಅಲ್ಲಿನ ನರಗಳಿಗೆ ತಗಲುವ ಮೆಲ್ಲನೆಯ ಒತ್ತಡದಿಂದ 'ಸಾಕು' ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ. ಅಷ್ಟೇ ಅದರ ಕೆಲಸ. ದಾರಿಯನ್ನೇ ಮುಚ್ಚುವ ಬ್ಯಾಂಡ್ ಹದ ತಪ್ಪಿದ ಬ್ಯಾಂಡ್.

ನಿಮ್ಮದು ಮುಚ್ಚಿದೆ. 'ನಾಲ್ಕನೇ ತುತ್ತಿಗೇ ಹೊಟ್ಟೆ ತುಂಬಿಬಿಡುತ್ತದೆ' ಎಂದು ಬರೆದಿದ್ದೀರಿ. ಅದರ ಬೆನ್ನಿಗೇ ಎದೆಯ ನಡುವೆ ಕಲ್ಲು ಕೂತ ಹಾಗಾಗುವುದನ್ನು, ಬಾಯಿ ತುಂಬ ಲೋಳೆಯಂಥ ಜೊಲ್ಲು ಬರುವುದನ್ನು, ಆಮೇಲೆ ನುಂಗಿದ ಅನ್ನ ನುಂಗಿದ ಹಾಗೆಯೇ ಹೊರಬರುವುದನ್ನು ಬರೆದಿದ್ದೀರಿ. ಹೊಟ್ಟೆ ತುಂಬಿದರೆ ಹೀಗಾಗುವುದಿಲ್ಲ, ತಾಯಿ. ತುತ್ತು ಪಟ್ಟಿಯ ಮೇಲೆ ಸಿಕ್ಕಿಕೊಂಡಿದೆ, ಅದನ್ನು ಜಾರಿಸಲು ದೇಹ ಜೊಲ್ಲು ಸುರಿಸಿ ಒದ್ದಾಡುತ್ತಿದೆ. ತಿಂದದ್ದು ಜೀರ್ಣವಾಗುವ ಜಾಗವನ್ನು ತಲುಪಿಯೇ ಇಲ್ಲ. ಏಳು ತಿಂಗಳಿನಿಂದ ನೀವು ಇದನ್ನೇ ತೃಪ್ತಿ ಎಂದು ಕರೆದುಕೊಂಡು ಬಂದಿದ್ದೀರಿ.

ಹಗಲಿನಲ್ಲಿ ಹೀಗೆ ಮೇಲೆ ನಿಂತದ್ದು ರಾತ್ರಿ ನೀವು ಮೈ ಚೆಲ್ಲಿದಾಗ ಗಂಟಲಿಗೆ ಬರುತ್ತದೆ. ಒಂದು ಹನಿ ಶ್ವಾಸನಾಳದ ಕಡೆಗೆ ಹೊರಳಿದರೂ ಕೆಮ್ಮು ಎಬ್ಬಿಸುತ್ತದೆ. ನಿದ್ದೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ತಿಂಗಳುಗಟ್ಟಲೆ ತಡೆದು ನಿಂತ ಆಹಾರದ ಒತ್ತಡಕ್ಕೆ ಅನ್ನನಾಳ ಹಿಗ್ಗುತ್ತದೆ. ಪದೇ ಪದೇ ಕಾರಿಕೊಳ್ಳುವುದರಿಂದ ಬ್ಯಾಂಡ್ ಕೂತ ಜಾಗದಿಂದ ಜಾರಬಹುದು. ಕಾರುವುದು ವಾರಗಟ್ಟಲೆ ಮುಂದುವರಿದರೆ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗುತ್ತದೆ; ದೇಹದಲ್ಲಿ ಅದರ ದಾಸ್ತಾನು ಇರುವುದೇ ಕೆಲವು ವಾರಗಳಿಗೆ ಸಾಲುವಷ್ಟು, ಮತ್ತು ಅದರ ಕೊರತೆ ನರಗಳನ್ನೂ ಮೆದುಳನ್ನೂ ಕೆಡಿಸಬಲ್ಲದು. ನಿಮ್ಮನ್ನು ಹೆದರಿಸಬೇಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಮೂರನೆಯ ದಿಂಬನ್ನು ತಂದಿಟ್ಟುಕೊಂಡ ದಿನವೇ ನೀವು ಹೆದರಬೇಕಿತ್ತು.

ಐಸ್ ಕ್ರೀಮಿನ ವಿಷಯಕ್ಕೆ ಬರುತ್ತೇನೆ, ಪತ್ರದ ಒಂದೂವರೆ ಪುಟವನ್ನು ಅದು ನುಂಗಿದೆ. 'ನಾನು ಕಳ್ಳಿ' ಎಂಬ ಮಾತನ್ನೂ ಬರೆದಿದ್ದೀರಿ. ಸ್ವಲ್ಪ ಯೋಚಿಸಿ: ಬೆಳಿಗ್ಗೆಯಿಂದ ಗಟ್ಟಿಯಾದದ್ದು ಯಾವುದೂ ಒಳಗೆ ಹೋಗಿಲ್ಲ, ದೇಹ ಹಸಿದಿದೆ, ಆ ಕಿರಿದಾದ ದಾರಿಯಲ್ಲಿ ನೋವಿಲ್ಲದೆ ಜಾರುವ ವಸ್ತುಗಳು ಯಾವುವು? ಐಸ್ ಕ್ರೀಮ್, ಕರಗಿದ ಚಾಕೊಲೇಟ್, ಸಿಹಿ ಪಾನೀಯ. ಬೇರೆ ಏನನ್ನು ತಿನ್ನಬೇಕಿತ್ತು ನೀವು? ಬ್ಯಾಂಡ್ ಅತಿಯಾಗಿ ಬಿಗಿದಾಗ ಜನ ಮೆತ್ತಗಿನ, ಸಿಹಿಯಾದ, ಕ್ಯಾಲೊರಿ ತುಂಬಿದ ತಿನಿಸುಗಳ ಕಡೆಗೆ ವಾಲುವುದು ಈ ಚಿಕಿತ್ಸೆಯಲ್ಲಿ ಎಲ್ಲರಿಗೂ ಪರಿಚಿತವಾದ ಸಂಗತಿ. ಅವು ಪಟ್ಟಿಯ ಬಳಿ ತಡೆಯದೆ ಹರಿದು ಹೋಗುತ್ತವೆ, ಹಾಗಾಗಿ 'ಸಾಕು' ಎಂಬ ಸುದ್ದಿಯೂ ಏಳುವುದಿಲ್ಲ. ಬಿಗಿ ಹೆಚ್ಚಿದಷ್ಟೂ ತೂಕ ಏರುತ್ತದೆ. ಮನೋಬಲದ ಪ್ರಶ್ನೆಗೆ ನನ್ನ ಉತ್ತರ ಇದೇ. ಏಳು ತಿಂಗಳು ನೋವು ನುಂಗಿಕೊಂಡು ಕಚೇರಿಗೆ ಹೋಗಿ ಬಂದವರಿಗೆ ಮನೋಬಲ ಕಡಿಮೆಯೇನಿಲ್ಲ. ಸ್ವಲ್ಪ ಕಡಿಮೆ ಇದ್ದಿದ್ದರೆ ವೈದ್ಯರ ಬಳಿ ಬೇಗ ಹೋಗಿರುತ್ತಿದ್ದಿರಿ.

ಈಗ ಅಕ್ಕ.

ಅವರ ಬಗ್ಗೆ ನ್ಯಾಯವಾಗಿ ಬರೆಯಲು ನನ್ನಿಂದ ಆಗುತ್ತಿಲ್ಲ, ಪ್ರಯತ್ನವನ್ನೂ ಮಾಡುವುದಿಲ್ಲ. ಕಳೆದ ಬಾರಿ ಬಿಗಿ ಮಾಡಿಸಲು ಜೊತೆಗೆ ಬಂದವರು ಅವರೇ. 'ಊಟ ಸರಿಯಾಗಿ ಇಳಿಯುತ್ತಿದೆಯೇ?' ಎಂದು ವೈದ್ಯರು ನಿಮ್ಮನ್ನು ಕೇಳಿದಾಗ 'ಬೇಕಾದಷ್ಟು ಇಳಿಯುತ್ತಿದೆ, ಅದೇ ತೊಂದರೆ' ಎಂದು ಉತ್ತರಿಸಿದವರೂ ಅವರೇ. ನೀವು ನಕ್ಕಿರಂತೆ. ಸೂಜಿ ಹೋಗುವುದು ಯಾರ ಹೊಟ್ಟೆಗೆ? ಖರ್ಚಿನ ಅರ್ಧ ಕೊಟ್ಟವರಿಗೆ ಅರ್ಧ ಹೊಟ್ಟೆ ಬರೆದುಕೊಟ್ಟ ಹಾಗಾಯಿತು ಇದು. ಈಗ ಅವರು 'ಇನ್ನೊಂದು ಸುತ್ತು ಬಿಗಿ ಮಾಡಿಸು, ಆಗದಿದ್ದರೆ ಸ್ಲೀವ್ ಮಾಡಿಸಿಬಿಡು' ಎನ್ನುತ್ತಿದ್ದಾರೆ. ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಅದು, ಬ್ಯಾಂಡ್‌ನಂತೆ ಮುಂದೆಂದಾದರೂ ಬಿಚ್ಚಿ ತೆಗೆಯಲು ಬರುವುದಿಲ್ಲ. ಬ್ಯಾಂಡಿಗಿಂತ ಈಗ ಹೆಚ್ಚು ನಡೆಯುವುದು ಸ್ಲೀವೇ, ನಿಜ, ಮತ್ತು ಒಂದು ದಿನ ನಿಮಗೂ ನಿಮ್ಮ ವೈದ್ಯರಿಗೂ ಅದೇ ಸರಿ ಎನ್ನಿಸಬಹುದು. ಆದರೆ ಸೋಮವಾರದ ಫೋನಿನಲ್ಲಿ ತೀರ್ಮಾನವಾಗುವ ವಿಷಯವಲ್ಲ ಅದು. ತೂಕ ಕೇಳಲು ಫೋನ್ ಮಾಡುವ ಬಂಧುಗಳ ಬಗ್ಗೆ ನಾನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಮನೆಯ ತಕ್ಕಡಿಯನ್ನು ಒಂದು ತಿಂಗಳು ಅಟ್ಟಕ್ಕೆ ಹಾಕಿ. ಅಕ್ಕ ಕೇಳಿದರೆ ಕೆಟ್ಟಿದೆ ಎನ್ನಿ. ಸುಳ್ಳು ಹೇಳಿ ಎಂದು ನಾನು ಹೇಳುವುದು ಅಪರೂಪ.

ಗಂಡನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಕ್ಷದಲ್ಲಿಲ್ಲ. ತಟ್ಟೆ ನೋಡುತ್ತಾರೆ ಎಂದು ದೂರಿದ್ದೀರಿ. ಮೂರನೇ ಪುಟದಲ್ಲಿ, ಅವರು ಒಂದು ರಾತ್ರಿ ಎದ್ದು ಕೂತು 'ಹೋಗಿ ತೋರಿಸಿಕೊಂಡು ಬರೋಣ' ಎಂದದ್ದನ್ನೂ ಕಿರಿಕಿರಿಗಳ ಪಟ್ಟಿಗೇ ಸೇರಿಸಿದ್ದೀರಿ. ಆ ಕೆಮ್ಮನ್ನು ಏಳು ತಿಂಗಳಿನಿಂದ ಪಕ್ಕದಲ್ಲಿ ಮಲಗಿ ಕೇಳುತ್ತಿರುವವರು ಅವರು. ಅವರು ನೋಡುತ್ತಿರುವುದು ನೀವು ಎಷ್ಟು ತಿನ್ನುತ್ತೀರಿ ಎಂದಲ್ಲ, ಯಾವ ತುತ್ತಿಗೆ ಎದ್ದು ಓಡುತ್ತೀರಿ ಎಂದು. ನಿಮ್ಮ ಪತ್ರದಲ್ಲಿ ಬರುವ ಅಷ್ಟೂ ಜನರಲ್ಲಿ ಸರಿಯಾದ ಸಲಹೆ ಕೊಟ್ಟವರು ಅವರೊಬ್ಬರೇ.

ಸಲೈನ್ ತೆಗೆಸಿದರೆ ಮತ್ತೆ ಹಸಿವಾಗುತ್ತದೆ, ತೂಕ ಏರುತ್ತದೆ ಎಂಬ ಭಯ ನಿಮ್ಮದು. ಹಸಿವಾಗುತ್ತದೆ. ಒಂದೆರಡು ಕಿಲೋ ಏರಲೂಬಹುದು. ಬಿಗಿಯಾದ ಬ್ಯಾಂಡ್ ಇಟ್ಟುಕೊಂಡೇ 4 ಕಿಲೋ ಏರಿದ್ದೀರಿ ಎಂಬುದನ್ನು ನೆನಪಿಸುತ್ತೇನೆ. ಸಲೈನ್ ತೆಗೆಯಲು ಸೂಜಿಯೊಂದು ಸಾಕು, ಕೆಲವೇ ನಿಮಿಷಗಳ ಕೆಲಸ, ಆಸ್ಪತ್ರೆಗೆ ದಾಖಲಾಗುವುದೂ ಬೇಡ. ಹೆಚ್ಚಿನವರಿಗೆ ಅಲ್ಲೇ ನೀರು ಸಲೀಸಾಗಿ ಇಳಿಯತೊಡಗುತ್ತದೆ. ಬ್ಯಾಂಡ್ ಜಾರಿದೆಯೇ, ಅನ್ನನಾಳ ಹಿಗ್ಗಿದೆಯೇ ಎಂದು ನೋಡಲು ಬೇರಿಯಂ ಕುಡಿಸಿ ಎಕ್ಸ್‌-ರೇ ತೆಗೆಯಬಹುದು. ಹಿಗ್ಗಿದ್ದರೂ ಕೆಲವು ವಾರ ಸಡಿಲವಾಗಿ ಬಿಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಮತ್ತೆ ಬಿಗಿ ಮಾಡುವುದು ಅದರ ನಂತರದ ಮಾತು. ಆಗಲೂ ಚೂರು ಚೂರೇ ತುಂಬಬೇಕು.

ಆಮೇಲಿನ ಊಟದ ಕ್ರಮ ನಿಮಗೆ ಮೊದಲ ತಿಂಗಳಲ್ಲೇ ಹೇಳಿಕೊಟ್ಟದ್ದೇ. ಸಡಿಲ ಮಾಡಿಸಿದ ಮೇಲೆ ವೈದ್ಯರು ಹೇಳಿದಷ್ಟು ದಿನ ದ್ರವ, ನಂತರ ಮೆತ್ತಗಿನದು, ನಂತರ ಗಟ್ಟಿ. ತುತ್ತು ಕಿರುಬೆರಳಿನ ಉಗುರಿನಷ್ಟು. ಅಗಿದು ನುಣ್ಣಗಾದ ಮೇಲೆ ನುಂಗಿ, ಚಮಚ ಕೆಳಗಿಡಿ, ಒಂದು ನಿಮಿಷ ಸುಮ್ಮನಿರಿ. ಆ ಒಂದು ನಿಮಿಷ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಗಡಿಯಾರ ನೋಡುತ್ತ ಒಮ್ಮೆ ಕೂತು ನೋಡಿ. ನಾನು ಬರೆಯುವ ಮುಂಚೆ ಕೂತು ನೋಡಿದೆ, ಮೂರು ಸಲ ಕೈ ತಾನಾಗಿ ತಟ್ಟೆಗೆ ಹೋಯಿತು. ತಟ್ಟೆಯಲ್ಲಿ ಪ್ರೋಟೀನ್ ಇರುವುದನ್ನು ಮೊದಲು ತಿನ್ನಿ. ಊಟದ ಜೊತೆ ನೀರು ಬೇಡ, ಗುಳ್ಳೆ ಏಳುವ ಪಾನೀಯ ಯಾವಾಗಲೂ ಬೇಡ. ಅರ್ಧ ಗಂಟೆಯಾದರೆ ತಟ್ಟೆಯಲ್ಲಿ ಉಳಿದದ್ದು ಉಳಿಯಲಿ. ಮೆತ್ತಗಿನ ತಾಜಾ ಬ್ರೆಡ್ಡು, ಒಣಗಿದ ಮಾಂಸ, ಅಂಟಂಟಾದ ಅನ್ನ ಇವು ಬ್ಯಾಂಡ್ ಹದವಾಗಿದ್ದವರನ್ನೂ ಸತಾಯಿಸುತ್ತವೆ, ಅವುಗಳ ಜೊತೆ ಹಟ ಬೇಡ.

ಕಚೇರಿಯಲ್ಲಿ ಹೇಳಬೇಕೇ ಎಂದು ಕೇಳಿದ್ದಿರಿ, ಮರೆತೇಬಿಟ್ಟಿದ್ದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆ, ನಿಧಾನವಾಗಿ ತಿನ್ನುತ್ತೇನೆ ಎನ್ನಿ. ಅದು ನಿಜವೂ ಹೌದು, ಅಷ್ಟೇ ಸಾಕು. ಎಂಥ ಶಸ್ತ್ರಚಿಕಿತ್ಸೆ ಎಂದು ಕೆದಕುವವರಿಗೆ ಉತ್ತರ ಕೊಡಲೇಬೇಕೆಂಬ ಕಾನೂನಿಲ್ಲ. ಬ್ಯಾಂಡ್ ಸಡಿಲವಾಗಿ ನೀವು ಊಟದ ನಡುವೆ ಎದ್ದು ಓಡುವುದು ನಿಂತರೆ ಕೇಳುವವರೂ ಕಡಿಮೆಯಾಗುತ್ತಾರೆ.

ಮಾಡಬೇಕಾದದ್ದು ಒಂದೇ ಕೆಲಸ. ಇದನ್ನು ಓದಿದ ಬೆಳಿಗ್ಗೆಯೇ ನಿಮ್ಮ ಬ್ಯಾಂಡ್ ನೋಡಿಕೊಳ್ಳುವ ವೈದ್ಯರಿಗೆ ಫೋನ್ ಮಾಡಿ. 'ಗಟ್ಟಿ ಆಹಾರ ಇಳಿಯುತ್ತಿಲ್ಲ, ದಿನವೂ ಕಾರುತ್ತೇನೆ, ರಾತ್ರಿ ಕೆಮ್ಮಿ ಏಳುತ್ತೇನೆ, ಸಲೈನ್ ತೆಗೆಸಬೇಕು' ಎಂದು ಇದೇ ಮಾತುಗಳಲ್ಲಿ ಹೇಳಿ, ಕಂಸ ಹಾಕದೆ ಹೇಳಿ. ಎಷ್ಟು ದಿನದಿಂದ ಕಾರುತ್ತಿದ್ದೀರಿ ಎಂಬುದನ್ನೂ ಮುಚ್ಚಿಡಬೇಡಿ. ಥಯಾಮಿನ್ ಕೊಡಬೇಕೇ ಎಂದು ಅವರು ನಿರ್ಧರಿಸುವುದು ಅದರ ಮೇಲೆ. ಅಷ್ಟರಲ್ಲಿ ನೀರೂ ಇಳಿಯದಂತಾದರೆ, ಸ್ವಂತ ಎಂಜಲನ್ನೂ ನುಂಗಲಾಗದಿದ್ದರೆ, ಜ್ವರ ಬಂದು ಉಸಿರು ಕಟ್ಟಿದರೆ, ಅಥವಾ ಹೊಟ್ಟೆಯಲ್ಲೋ ಎದೆಯಲ್ಲೋ ತಟ್ಟನೆ ಜೋರು ನೋವು ಎದ್ದರೆ ಫೋನೂ ಬೇಡ, ಕಾಯುವುದೂ ಬೇಡ, ತುರ್ತು ಚಿಕಿತ್ಸೆಗೆ ಹೋಗಿಬಿಡಿ. ಜೊತೆಗೆ ಗಂಡ ಬರಲಿ. ಅಕ್ಕನಿಗೆ ಮನೆಗೆ ಮರಳಿದ ಮೇಲೆ ತಿಳಿಸಿದರೆ ಸಾಕು.

ಒಂದೇ ದಿಂಬಿನಲ್ಲಿ ನಿದ್ದೆ ಬಂದ ಮಾರನೆಯ ದಿನ ನನಗೊಂದು ಸಾಲು ಬರೆಯಿರಿ. ತೂಕ ಎಷ್ಟಿದೆ ಎಂದು ಬರೆಯುವುದು ಬೇಡ.