ಕಡಲ ತಡಿಯ ನೆಂಟರ ಮನೆಗೆ ಪುಟ್ಟ ಮಕ್ಕಳೊಂದಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನೆಂಟರ ಊರು ಕಡಲ ತಡಿಯಲ್ಲಿದೆ, ಕಾರಿನಲ್ಲಿ ಏಳು ಗಂಟೆಯ ದಾರಿ. ಮಕ್ಕಳಿಗೆ ಮೂರೂವರೆ ವರ್ಷ ಮತ್ತು ಎಂಟು ತಿಂಗಳು. ರಾತ್ರಿ ಹೊರಟರೆ ಮಕ್ಕಳು ಮಲಗಿಬಿಡುತ್ತಾರೆ ಎನ್ನುವುದು ಮನೆಯವರ ವಾದ. ಸರಿಯೇ?

ಉತ್ತರ: ಮಕ್ಕಳೇನೋ ಮಲಗುತ್ತಾರೆ, ಆದರೆ ಕಾರು ಓಡಿಸುವವರಿಗೂ ನಿದ್ದೆ ಬರುತ್ತದೆ. ನಡುರಾತ್ರಿ 2ರಿಂದ ಬೆಳಗಿನ 6ರವರೆಗೆ ಮೈಗೆ ಮಂಪರು ಹೆಚ್ಚು. ಎಷ್ಟು ಕಾಫಿ ಕುಡಿದರೂ ಅದು ಪೂರ್ತಿ ಹೋಗುವುದಿಲ್ಲ. ಎಲ್ಲರೂ ನಿದ್ದೆ ಮುಗಿಸಿ, ಆರರ ಸುಮಾರಿಗೆ ಹೊರಡಿ. ಅರೆನಿದ್ದೆಯಲ್ಲಿ ಎತ್ತಿ ಕೂರಿಸಿದ ಮಕ್ಕಳು ಸಾಮಾನ್ಯವಾಗಿ ಇನ್ನೊಂದು ಗಂಟೆ ಮಲಗುತ್ತಾರೆ.

ಏಳು ಗಂಟೆಯ ದಾರಿಯನ್ನು ಒಂಬತ್ತೂವರೆ ಗಂಟೆಯದು ಎಂದೇ ಲೆಕ್ಕ ಹಾಕಿ. ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ನಿಲ್ಲಿಸಲೇಬೇಕು. ದೊಡ್ಡ ಮಗು ಓಡಲಿ, ಕೂಸನ್ನು ಸೀಟಿನಿಂದ ಬಿಚ್ಚಿ ಸಮತಟ್ಟಾಗಿ ಮಲಗಿಸಿ. ಅರ್ಧ ಒರಗಿದ ಸೀಟಿನಲ್ಲಿ ತುಂಬ ಹೊತ್ತು ಇದ್ದರೆ ಎಳೆಗೂಸಿನ ತಲೆ ಮುಂದಕ್ಕೆ ವಾಲಿ, ಗಲ್ಲ ಎದೆಗೆ ತಾಗಿ, ಉಸಿರಿನ ದಾರಿ ಕಿರಿದಾಗುತ್ತದೆ.

ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಯೋಚನೆಯಿದ್ದರೆ ಬಿಟ್ಟುಬಿಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ 8 ಕೆ.ಜಿ.ಯ ಮಗು ಆ ಕ್ಷಣ 150 ಕೆ.ಜಿ.ಗೂ ಮಿಕ್ಕ ತೂಕದಂತೆ ಮುಂದಕ್ಕೆ ಎಳೆಯುತ್ತದೆ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು. ಮಕ್ಕಳ ಸೀಟು ಹಿಂದಿನ ಆಸನದಲ್ಲಿರಲಿ, ಕೂಸಿನ ಮುಖ ಕಾರಿನ ಹಿಂಭಾಗಕ್ಕಿರಲಿ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಹಿಮ್ಮುಖ ಸೀಟನ್ನು ಇಡಲೇಬಾರದು. ಪಟ್ಟಿ ಬಿಗಿದ ಮೇಲೆ ಭುಜದ ಬಳಿ ಅದನ್ನು ಚಿವುಟಿ ನೋಡಿ: ಎರಡು ಬೆರಳಿನ ನಡುವೆ ಮಡಿಕೆ ಸಿಕ್ಕರೆ ಇನ್ನೂ ಸಡಿಲವಿದೆ. ದಪ್ಪ ಸ್ವೆಟರ್ ಮೇಲೆ ಪಟ್ಟಿ ಹಾಕಿದಾಗ ಈ ಸಡಿಲ ಕಣ್ಣಿಗೆ ಕಾಣದು, ಆದ್ದರಿಂದ ಮೊದಲು ಪಟ್ಟಿ ಹಾಕಿ, ಆಮೇಲೆ ಹೊದಿಸಿ.

ನಿಲ್ಲಿಸಿದಾಗ ಮಗು ಮಲಗಿದೆ ಎಂದು ಕಾರಿನಲ್ಲೇ ಬಿಟ್ಟು ಇಳಿಯಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿಯನ್ನು ಎರಡು ಬೆರಳು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗದು.

ಪ್ರಶ್ನೆ: ನಾಲ್ಕು ವರ್ಷದ ಮಗಳು ತಿರುವಿನ ರಸ್ತೆ ಬಂದರೆ ಸಾಕು, ವಾಂತಿ ಮಾಡುತ್ತಾಳೆ. ಹೊಟ್ಟೆ ಖಾಲಿ ಇಟ್ಟರೂ ನಿಲ್ಲುತ್ತಿಲ್ಲ.

ಉತ್ತರ: ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಜಾಸ್ತಿಯೇ ಆಗುತ್ತದೆ. ಒಳಕಿವಿ ‘ಮೈ ತಿರುಗುತ್ತಿದೆ’ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಎಲ್ಲವೂ ನಿಂತಲ್ಲೇ ಇದೆ’ ಎನ್ನುತ್ತದೆ. ಈ ಗೊಂದಲವೇ ಮೂಲ. ಎರಡು ವರ್ಷದೊಳಗೆ ಇದು ಕಡಿಮೆ, ಆಮೇಲೆ ಹನ್ನೆರಡರ ತನಕ ಹೆಚ್ಚು. ಹೊರಡುವ ಒಂದು ಗಂಟೆ ಮೊದಲು ಹಗುರವಾದ, ಜಿಡ್ಡಿಲ್ಲದ ತಿಂಡಿ ಸ್ವಲ್ಪ ಕೊಡಿ. ಎದುರಿನ ಗಾಜಿನಾಚೆ ದೂರದ ರಸ್ತೆ ಕಾಣುವಂತೆ ಹಿಂದಿನ ಸೀಟಿನ ನಡುವೆ ಕೂರಿಸಿ. ಮಕ್ಕಳ ಸೀಟು ಅಲ್ಲಿ ಭದ್ರವಾಗಿ ಕೂರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೊಬೈಲು, ಚಿತ್ರದ ಪುಸ್ತಕ ಬೇಡ. ಕಾರಿನ ಸುಗಂಧದ ಡಬ್ಬಿಯನ್ನು ಹಿಂದಿನ ದಿನವೇ ತೆಗೆದುಬಿಡಿ. ಮಗಳು ಮಾತು ನಿಲ್ಲಿಸಿ, ಆಕಳಿಸಿ, ಮುಖ ಬಿಳುಚಿಕೊಂಡರೆ ವಾಂತಿಗೆ ಕೆಲವೇ ನಿಮಿಷ ಉಳಿದಿದೆ ಎಂದರ್ಥ. ಸುರಕ್ಷಿತ ಜಾಗ ನೋಡಿ ಆಗಲೇ ನಿಲ್ಲಿಸಿ.

ಮಾತ್ರೆ, ಸಿರಪ್ ಏನಿದ್ದರೂ ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲೇ ಇರಲಿ. ಈ ಗುಂಪಿನ ಕೆಲವು ಔಷಧಿಗಳನ್ನು ಎರಡು ವರ್ಷದೊಳಗಿನವರಿಗೆ ಕೊಡುವಂತೆಯೇ ಇಲ್ಲ. ನಿದ್ದೆ ತರಿಸಬೇಕಾದ ಔಷಧಿ ಕೆಲವು ಮಕ್ಕಳನ್ನು ಇನ್ನಷ್ಟು ಚಡಪಡಿಸುವಂತೆ ಮಾಡುವುದೂ ಉಂಟು.

ವಾಂತಿಯಾದ ಕೂಡಲೇ ನೀರು ಕುಡಿಸಿದರೆ ಮತ್ತೆ ಹೊರಬರುತ್ತದೆ. ಹತ್ತು ನಿಮಿಷ ಬಿಟ್ಟು, ಐದು ನಿಮಿಷಕ್ಕೊಂದು ಚಮಚ ಓಆರ್‌ಎಸ್ ಕೊಡುತ್ತಾ ಬನ್ನಿ. ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟಕ್ಕೇ ಪೂರ್ತಿ ಪೊಟ್ಟಣ ಹಾಕಿ. ಸ್ವಲ್ಪವೇ ಸಾಕೆಂದು ಪುಡಿಯನ್ನು ಕಣ್ಣಂದಾಜಿನಲ್ಲಿ ಬೆರೆಸಿದರೆ ಉಪ್ಪಿನ ಅಳತೆ ಕೆಡುತ್ತದೆ. ಬೆರೆಸಿದ್ದು 24 ಗಂಟೆ ಮಾತ್ರ. ಒಂದು ಜೊತೆ ಬಟ್ಟೆ, ಟವೆಲ್, ಎರಡು ಚೀಲ ಕಾಲಬುಡದಲ್ಲೇ ಇರಲಿ. ಡಿಕ್ಕಿಯಲ್ಲಿ ಇಟ್ಟದ್ದು ಬೇಕಾದಾಗ ಕೈಗೆ ಸಿಗುವುದಿಲ್ಲ.

ಪ್ರಶ್ನೆ: ತಲುಪಿದ ಕೂಡಲೇ ಎಲ್ಲರೂ ಕೂಸನ್ನು ಎತ್ತಿಕೊಳ್ಳಲು ಬರುತ್ತಾರೆ, ಅದು ಕಿರುಚಿ ಅಳುತ್ತದೆ. ಅತ್ತೆಯವರಿಗೆ ಬೇಸರವಾಗುತ್ತದೆ.

ಉತ್ತರ: ಎಂಟು ತಿಂಗಳ ಆಸುಪಾಸಿನಲ್ಲಿ ಹೊಸ ಮುಖಕ್ಕೆ ಹೆದರುವುದು ಬೆಳವಣಿಗೆಯ ಲಕ್ಷಣ, ಇದನ್ನು ಹೊರಡುವ ಮೊದಲೇ ಫೋನಿನಲ್ಲಿ ಅತ್ತೆಯವರಿಗೆ ಹೇಳಿಬಿಡಿ. ಮೊದಲ ಅರ್ಧ ಗಂಟೆ ಕೂಸು ನಿಮ್ಮ ಸೊಂಟದ ಮೇಲೇ ಇರಲಿ. ಅತ್ತೆಯವರು ಪಕ್ಕದಲ್ಲಿ ಕೂತು ನಿಮ್ಮ ಜೊತೆ ಮಾತಾಡಲಿ, ಕೈಯಲ್ಲೊಂದು ಚಮಚವನ್ನೋ ಡಬ್ಬಿಯನ್ನೋ ಆಡಿಸುತ್ತಿರಲಿ. ಕೂಸೇ ಕೈಚಾಚುತ್ತದೆ. ತುಟಿಯ ಮೇಲೆ ನೀರುಗುಳ್ಳೆ ಎದ್ದವರು, ನೆಗಡಿ ಇರುವವರು ಮುತ್ತಿಡುವುದು ಬೇಡ, ಇದರಲ್ಲಿ ದಾಕ್ಷಿಣ್ಯ ಸಲ್ಲದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೂ ಕೂಡದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಎಂಬ ಕಾಯಿಲೆ ಬರಬಹುದು.

ಸಾಮಾನು ಬಿಚ್ಚುವ ಮೊದಲು ಇನ್ನೊಂದು ಕೆಲಸವಿದೆ. ಮಗುವಿನ ಎತ್ತರಕ್ಕೆ ಕೂತು ಕೋಣೆಗಳನ್ನೆಲ್ಲ ಒಮ್ಮೆ ನೋಡಿ. ಹಿರಿಯರ ದಿಂಬಿನ ಪಕ್ಕದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ರಿಮೋಟಿನ ಸಡಿಲ ಮುಚ್ಚಳದೊಳಗಿನ ಬಟನ್ ಬ್ಯಾಟರಿ (ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು), ಬಚ್ಚಲಿನ ತುಂಬಿದ ಬಕೆಟ್, ನೀರಿನ ಕಡೆಗೆ ತೆರೆಯುವ ಹಿಂಬಾಗಿಲು. ಆ ಬಾಗಿಲಿಗೆ ದೊಡ್ಡವರ ಎದೆಮಟ್ಟದಲ್ಲೊಂದು ಚಿಲಕ ಬೇಕೇ ಬೇಕು.

ಪ್ರಶ್ನೆ: ಸಮುದ್ರಕ್ಕೆ ಹೋದಾಗ ಹತ್ತು ಹನ್ನೆರಡು ಜನ ದೊಡ್ಡವರು ಇರುತ್ತೇವೆ. ಆದರೂ ಭಯ. ಯಾವುದಕ್ಕೆ ಗಮನ ಕೊಡಬೇಕು?

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಹನ್ನೆರಡು ಜನ ಇದ್ದಾಗ ಪ್ರತಿಯೊಬ್ಬರೂ ‘ಬೇರೆಯವರು ನೋಡುತ್ತಿದ್ದಾರೆ’ ಎಂದುಕೊಳ್ಳುತ್ತಾರೆ, ಮಗು ಕಣ್ತಪ್ಪುವುದೇ ಹಾಗೆ. ಒಂದೊಂದು ಮಗುವಿಗೆ ಒಬ್ಬೊಬ್ಬರೆಂದು ಹೆಸರು ಹಿಡಿದು ಒಪ್ಪಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಾಗಲಿ. ಬದಲಾಗುವಾಗ ‘ಇನ್ನು ಇವನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಬಾಯಿಬಿಟ್ಟು ಹೇಳಬೇಕು. ಪಾಳಿಯಲ್ಲಿರುವವರ ಕೈಯಲ್ಲಿ ಮೊಬೈಲು ಇರಬಾರದು, ಅವರು ಮಗುವಿನಿಂದ ಕೈಗೆಟಕುವಷ್ಟು ದೂರದಲ್ಲೇ ಇರಬೇಕು. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಾಡುವುದೇ ಕಷ್ಟ, ಕೂಗು ಎಲ್ಲಿಂದ ಬರಬೇಕು?

ನಿಮ್ಮ ಮೀನಖಂಡದಷ್ಟು ನೀರು ಮೂರು ವರ್ಷದ ಮಗುವಿಗೆ ಮೊಣಕಾಲು ದಾಟುತ್ತದೆ. ಹಿಂದಿರುಗುವ ತೆರೆ ಪಾದದಡಿಯ ಮರಳನ್ನು ಕೊರೆದು ಒಯ್ಯುತ್ತದೆ, ಮಗು ಕೂತುಬಿಡುತ್ತದೆ, ಮುಂದಿನ ತೆರೆ ಮುಖಕ್ಕೇ ಹೊಡೆಯುತ್ತದೆ. ಆಗ ಸನ್‌ಸ್ಕ್ರೀನ್ ಹಚ್ಚಿದ ಒದ್ದೆ ಅಂಗೈ ಜಾರುತ್ತದೆ. ಮಣಿಕಟ್ಟು ಹಿಡಿದು ಥಟ್ಟನೆ ಎಳೆದರೆ ಐದು ವರ್ಷದೊಳಗಿನವರಿಗೆ ಮೊಣಕೈ ಕೀಲು ಸರಿಯುವುದುಂಟು. ಕಂಕುಳಡಿ ಕೈಹಾಕಿ ಎತ್ತಿ. ಗಾಳಿ ತುಂಬಿದ ಟ್ಯೂಬು, ತೋಳಪಟ್ಟಿ ಆಟದ ಸಾಮಾನುಗಳು, ಜೀವರಕ್ಷಕವಲ್ಲ. ಗಾಳಿ ಬೀಸಿದರೆ ಅವೇ ಮಗುವನ್ನು ಒಳಕ್ಕೆ ಒಯ್ಯುತ್ತವೆ. ಬಟ್ಟೆ ಕಡು ಕಿತ್ತಳೆ ಬಣ್ಣದ್ದಿರಲಿ. ನೀಲಿ, ಬಿಳಿ ನೀರಿನಲ್ಲಿ ಕಾಣದೇ ಹೋಗುತ್ತವೆ.

ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಒಡೆಯದೆ ನೀರು ಶಾಂತವಾಗಿ, ಗಾಢವಾಗಿ ಕಂಡರೆ ಮಕ್ಕಳನ್ನು ಇಳಿಸಲು ಅದೇ ಒಳ್ಳೆಯ ಜಾಗ ಎನ್ನಿಸುತ್ತದೆ. ಆದರೆ ದಡಕ್ಕೆ ಬಂದ ನೀರು ಒಟ್ಟಾಗಿ ಸಮುದ್ರಕ್ಕೆ ಮರಳುವ ಸೆಳೆತ ಸಾಮಾನ್ಯವಾಗಿ ಇರುವುದು ಅಲ್ಲೇ. ಅದರಲ್ಲಿ ಸಿಕ್ಕ ದೊಡ್ಡವರು ದಡದತ್ತ ನೇರ ಈಜಿದರೆ ದಣಿಯುತ್ತಾರೆ. ತೇಲುತ್ತಾ ಕೈಯೆತ್ತಿ ಸಹಾಯ ಕೇಳಬೇಕು, ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಸೆಳೆತದಿಂದ ಹೊರಬರಬೇಕು. ಭರತದ, ಅಂದರೆ ಸಮುದ್ರದ ನೀರು ಏರಿ ಬರುವ ಹೊತ್ತನ್ನು ನೆಂಟರಲ್ಲಿ ವಿಚಾರಿಸಿ. ಬಹಳಷ್ಟು ಕಡೆ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಭರತ ಬರುತ್ತದೆ, ಅಂದರೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಸಂಜೆ ಐದಕ್ಕೆ ಮಕ್ಕಳು ಆಡಿದ ಮರಳು ಇವತ್ತು ಅದೇ ಹೊತ್ತಿಗೆ ಹಾಗೆಯೇ ಇರುತ್ತದೆ ಎಂದುಕೊಳ್ಳಬೇಡಿ.

ಮರಳಿನಲ್ಲಿ ಗುಂಡಿ ತೋಡುವಾಗ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಅಂಚು ಕುಸಿದರೆ ಕ್ಷಣದಲ್ಲಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಸನ್‌ಸ್ಕ್ರೀನ್ ಎಷ್ಟು? ಜೆಲ್ಲಿ ಮೀನು ತಾಗಿದರೆ ಏನು ಮಾಡಬೇಕು?

ಉತ್ತರ: ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಹೊರಡುವ 20 ನಿಮಿಷ ಮೊದಲು, ಆಮೇಲೆ ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಬಂದಾಗಲೆಲ್ಲ. ಕಿವಿಯ ತುದಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮರೆಯುವ ಜಾಗಗಳು. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ತೆಳು ಬಟ್ಟೆಯೇ ಸರಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ಯಾರಿಗೂ ಬೇಡ.

ಜೆಲ್ಲಿ ಮೀನು ತಾಗಿದ ಜಾಗವನ್ನು ಉಜ್ಜಬೇಡಿ, ಮರಳು ಹಚ್ಚಬೇಡಿ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಆಮೇಲೆ ಮಗು ತಾಳಬಲ್ಲಷ್ಟು ಬಿಸಿಯ, 45 ಡಿಗ್ರಿ ಮೀರದ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಟ್ಟರೆ ಸಾಮಾನ್ಯವಾಗಿ ನೋವು ಇಳಿಯುತ್ತದೆ. ನೀರು ಹದವೇ ಎಂದು ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಅಥವಾ ಕಣ್ಣಿಗೇ ತಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆ ಆಸ್ಪತ್ರೆ ಎಲ್ಲಿದೆ, ರಾತ್ರಿಯೂ ತೆರೆದಿರುತ್ತದೆಯೇ ಎಂಬುದನ್ನು ಊರು ತಲುಪಿದ ದಿನವೇ ನೆಂಟರಿಂದ ಕೇಳಿ ಬರೆದಿಟ್ಟುಕೊಳ್ಳಿ.