ಹುಬ್ಬಳ್ಳಿಯಲ್ಲೇ ಇದ್ದು ಸಭೆ-ಸಮ್ಮೇಳನ ಆಯೋಜಿಸುವ ವೃತ್ತಿ ಮಾಡಬಹುದೇ?

ನೀವು ಹಾವೇರಿಯವರು, ಬಿ.ಕಾಂ. ಮುಗಿಸಿದ್ದೀರಿ, ಮದುವೆ ಮಂಟಪದ ಅಲಂಕಾರ ಬೇಡ, ಕಂಪನಿಗಳ ಮತ್ತು ವೃತ್ತಿಪರ ಸಂಘಗಳ ಸಭೆ-ಸಮ್ಮೇಳನಗಳನ್ನೇ ಆಯೋಜಿಸಬೇಕು ಎನ್ನುತ್ತೀರಿ, ಅದಕ್ಕೆ ಹುಬ್ಬಳ್ಳಿ ಸಾಕೇ, ಬೆಂಗಳೂರಿಗೆ ಹೋಗಲೇಬೇಕೇ ಎಂದು ಕೇಳಿದ್ದೀರಿ. ಹುಬ್ಬಳ್ಳಿ-ಧಾರವಾಡದಲ್ಲಿ ಹಲವು ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವುದು ಇದೇ ಕೆಲಸ. ನನ್ನ ಉತ್ತರ: ಹುಬ್ಬಳ್ಳಿ ಸಾಕು. ಆದರೆ ಇಲ್ಲಿ ನಮ್ಮ ಹೊಟ್ಟೆ ತುಂಬುವುದು ಒಂದೇ ದಿನದ ಸಭೆಗಳಿಂದ ಎಂಬುದನ್ನು ಮೊದಲೇ ತಿಳಿದುಕೊಂಡು ಬರಬೇಕು.

ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75. ಬೆಳಿಗ್ಗೆ ನಾಷ್ಟಾ ಮುಗಿಸಿ ಕಾರು ಹತ್ತಿದವರು ರಾತ್ರಿ ಊಟಕ್ಕೆ ಮನೆ ಸೇರುತ್ತಾರಾದ್ದರಿಂದ ಹೋಟೆಲ್ ಕೊಠಡಿಗಳ ಲೆಕ್ಕ ಇಲ್ಲಿ ಬೆಳೆಯುವುದೇ ಇಲ್ಲ. ಬೆಂಗಳೂರು ಅಥವಾ ಗೋವಾದ ಆಯೋಜಕರು ಕೊಠಡಿಗಳ ಮೇಲೆ ಗಳಿಸುವ ಪಾಲು ನಮಗೆ ದಕ್ಕುವುದೂ ಇಲ್ಲ. ನಮ್ಮ ಗಿರಾಕಿಗಳು ವೈದ್ಯರ ಸಂಘಗಳು, ಧಾರವಾಡದ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ವಿಭಾಗಗಳು, ಡೀಲರ್ ಮೀಟ್, ಅಂದರೆ ತಮ್ಮ ಮಾರಾಟಗಾರರ ಸಭೆ, ನಡೆಸುವ ಬೀಜ-ಗೊಬ್ಬರದ ಕಂಪನಿಗಳು. ಎಲ್ಲರಿಗೂ ನೆನಪಿರುವ ದೊಡ್ಡ ಸಮಾವೇಶಗಳನ್ನು, ಅಂದರೆ 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೆಯ ಮತ್ತು 2023ರ ಜನವರಿಯಲ್ಲಿ ನಿಮ್ಮ ಹಾವೇರಿಯಲ್ಲೇ ನಡೆದ 86ನೆಯ ಸಾಹಿತ್ಯ ಸಮ್ಮೇಳನದಂಥವನ್ನು, ಲೆಕ್ಕಕ್ಕೆ ಹಿಡಿಯಬೇಡಿ. ಅವು ಜಿಲ್ಲಾಡಳಿತ ಮತ್ತು ಸ್ವಾಗತ ಸಮಿತಿಗಳ ಕೈಯಲ್ಲಿ ನಡೆಯುವಂಥವು.

ಇಲ್ಲಿ ದೊಡ್ಡ ಸಭಾಂಗಣವೆಂದರೆ ಬಹುಪಾಲು ಕಲ್ಯಾಣ ಮಂಟಪ, ಇಲ್ಲವೇ ಹೋಟೆಲಿನ ಬ್ಯಾಂಕ್ವೆಟ್ ಹಾಲ್. ಎರಡನ್ನೂ ಮೊದಲು ಹಿಡಿಯುವವರು ಮದುವೆಯವರು. ಹೀಗಾಗಿ ವರ್ಷದ ಯೋಜನೆಗೆ ಕುಳಿತಾಗ ನಾನು ಮೊದಲು ತೆರೆಯುವುದು ಪಂಚಾಂಗ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮುಹೂರ್ತಗಳಿಲ್ಲದ ಕಾರಣ ಅದೇ ಹಾಲ್ ಕಡಿಮೆ ಬಾಡಿಗೆಗೆ ಸಿಗುತ್ತದೆ. ಬೇರೆ ದಿನಗಳಲ್ಲಿ ಫೋನ್ ಎತ್ತದ ಮ್ಯಾನೇಜರ್ ಆಗ ತಾವೇ ಫೋನ್ ಮಾಡುತ್ತಾರೆ. ತೊಡಕಿರುವುದು ಡೀಲರ್ ಮೀಟ್‌ಗಳಲ್ಲಿ. ಮುಂಗಾರು ಬಿತ್ತನೆಗೆ ಮುನ್ನ ಬೀಜದ ಮಾತು ಮುಗಿಯಬೇಕಾದ್ದರಿಂದ ಅವು ಏಪ್ರಿಲ್-ಮೇ ತಿಂಗಳಲ್ಲೇ ನಡೆಯಬೇಕು, ಮದುವೆಗಳ ಭರಾಟೆಯೂ ಆಗಲೇ. ಇಂಥಲ್ಲಿ, ಮದುವೆಗಳು ನಡೆಯದ ಅಧಿಕ ಮಾಸ ಎಲ್ಲಿ ಬೀಳುತ್ತದೆ ಎಂಬುದು ನಮಗೆ ಮುಖ್ಯವಾಗುತ್ತದೆ: 2023ರಲ್ಲಿ ಅಧಿಕ ಶ್ರಾವಣ ಬಂದದ್ದು ಜುಲೈ-ಆಗಸ್ಟಿನಲ್ಲಿ, ಅದರಿಂದ ಬೀಜದವರಿಗೆ ಉಪಯೋಗವಾಗಲಿಲ್ಲ, 2026ರ ಅಧಿಕ ಜ್ಯೇಷ್ಠವಾದರೋ ಮೇ 17ರಿಂದ ಜೂನ್ 15ರವರೆಗೆ, ಬೇಕಾದ ಹೊತ್ತಿಗೇ ಹಾಲ್‌ಗಳನ್ನು ತೆರವು ಮಾಡಿಕೊಡುವಂಥದ್ದು. ಅಧಿಕ ಮಾಸವೆಂದರೆ ಶಾಮಿಯಾನದವರು ಕೊರಗುತ್ತಾರೆ, ನಾನು ಕೊರಗುವುದಿಲ್ಲ.

ವೈದ್ಯರ ಸಭೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ವರ್ಷವಿಡೀ ಬರುವ ಕೆಲಸ ಅದು. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವೈದ್ಯರು 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳಲು 30 ಕ್ರೆಡಿಟ್ ಗಂಟೆಗಳನ್ನು, ಅಂದರೆ ಪರಿಷತ್ತು ಮಾನ್ಯ ಮಾಡಿದ ಉಪನ್ಯಾಸ-ಸಮ್ಮೇಳನಗಳಲ್ಲಿ ಭಾಗವಹಿಸಿ ಗಳಿಸಿದ್ದನ್ನು, ತೋರಿಸಬೇಕು. ಸಭೆಗೆ ಆ ಕ್ರೆಡಿಟ್ ಸಿಗಬೇಕಾದರೆ ಸಂಘದವರು ಪರಿಷತ್ತಿಗೆ ಮುಂಚಿತವಾಗಿ ಅರ್ಜಿ ಹಾಕಿರಬೇಕು ಮತ್ತು ಸಭೆಯ ದಿನ ಪರಿಷತ್ತಿನ ವೀಕ್ಷಕರು ಬಂದು ಕುಳಿತಿರುತ್ತಾರೆ. ಕ್ರೆಡಿಟ್ ಸಿಗುವುದು ಪಾಠಕ್ಕೆ, ಶಾಲು-ಹಾರಗಳಿಗಲ್ಲ. ಆದರೂ ನಮ್ಮ ಕಡೆ ಉದ್ಘಾಟಕರು ತಡವಾಗಿ ಬರುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ, ನೆನಪಿನ ಕಾಣಿಕೆ ಮುಗಿಯುವ ಹೊತ್ತಿಗೆ ಎರಡು ಉಪನ್ಯಾಸಗಳ ಸಮಯ ಕರಗಿರುತ್ತದೆ. ಅದಕ್ಕಾಗಿ ನಾನು ಒಂಬತ್ತೂವರೆಗೆ ನೇರವಾಗಿ ಉಪನ್ಯಾಸ ಆರಂಭಿಸಿ, ಉದ್ಘಾಟನೆಯನ್ನು ಹನ್ನೊಂದೂವರೆಗೆ ಇಡಿಸುತ್ತೇನೆ. ಮೊದಮೊದಲು ಅಧ್ಯಕ್ಷರುಗಳು ಒಪ್ಪುವುದಿಲ್ಲ. ಆ ಹೊತ್ತಿಗೆ ಹಾಲ್ ತುಂಬಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಎಂದರೆ ಒಪ್ಪುತ್ತಾರೆ.

ಮಧ್ಯಾಹ್ನದ್ದು ಬೇರೆ ಸಮಸ್ಯೆ. ಊಟವಾದ ಮೇಲೆ ಗದಗ, ಹಾವೇರಿಯವರು ಒಬ್ಬೊಬ್ಬರಾಗಿ ಕಾರಿನ ಕಡೆ ನಡೆಯುತ್ತಾರೆ. 2023ರ ಜೂನಿನಲ್ಲಿ ಶುರುವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು ಬೆಳಗಿನ ಜಾವ ಹೊರಟು ಮಧ್ಯಾಹ್ನಕ್ಕೆ ಮುಂಚೆ ಹುಬ್ಬಳ್ಳಿ ಮುಟ್ಟಿಸುವುದರಿಂದ, ಬೆಂಗಳೂರಿನ ಹೆಸರಾಂತ ತಜ್ಞರನ್ನು ಅದರಲ್ಲೇ ಕರೆಸಿ ಊಟದ ನಂತರದ ಮೊದಲ ಉಪನ್ಯಾಸಕ್ಕೆ ಹಾಕುತ್ತೇನೆ. ಅವರ ಮಾತು ಕೇಳಲು ಜನ ಉಳಿಯುತ್ತಾರೆ, ಸಂಘಕ್ಕೆ ಒಂದು ರಾತ್ರಿಯ ಕೊಠಡಿಯ ಖರ್ಚೂ ಉಳಿಯುತ್ತದೆ. ಅಂದ ಹಾಗೆ, ಕೇಂದ್ರದ ಔಷಧ ಇಲಾಖೆ 2024ರ ಮಾರ್ಚಿನಲ್ಲಿ ಹೊರಡಿಸಿದ ಸಂಹಿತೆಯ ಪ್ರಕಾರ ಔಷಧ ಕಂಪನಿಗಳು ಭಾಷಣಕಾರರಲ್ಲದ ವೈದ್ಯರ ಪ್ರಯಾಣ, ವಸತಿಯ ಖರ್ಚನ್ನು ಹೊರುವಂತಿಲ್ಲ. ದೂರದ ರೆಸಾರ್ಟ್‌ಗಳಿಗೆ ಪೆಟ್ಟು ಬಿದ್ದಿರಬಹುದು. ಸ್ವಂತ ಕಾರಿನಲ್ಲಿ ಬಂದು ಹೋಗುವ ಹುಬ್ಬಳ್ಳಿಯ ಸಭೆಗೆ ಅದರಿಂದ ತೊಂದರೆಯಾಗಿದ್ದನ್ನು ನಾನು ಕಂಡಿಲ್ಲ.

ಊಟದ ವಿಷಯದಲ್ಲಿ ಹೊಸಬರು ಎಡವುವುದು ಬಿಸಿ ರೊಟ್ಟಿಯಲ್ಲಿ. ಮುನ್ನೂರು ಜನ ಒಂದೂಕಾಲಕ್ಕೆ ಒಟ್ಟಿಗೆ ಏಳುತ್ತಾರೆ. ಒಬ್ಬ ಹೆಣ್ಣುಮಗಳು ಬಡಿದು, ಬೇಯಿಸಿ ಕೊಡುವುದು ನಿಮಿಷಕ್ಕೆ ಒಂದು ರೊಟ್ಟಿ ಎಂದು ಹಿಡಿದರೂ, ನಾಲ್ಕು ಒಲೆ ಹಚ್ಚಿದರೆ ತಲೆಗೊಂದರಂತೆ ಕೊಡಲು ಒಂದೂಕಾಲು ತಾಸು ಬೇಕು. ಊಟಕ್ಕೆ ಇರುವುದು ನಲವತ್ತೈದು ನಿಮಿಷ. ಆದ್ದರಿಂದ ರೊಟ್ಟಿ ಕೇಂದ್ರದಿಂದ ಖಡಕ್ ರೊಟ್ಟಿ ತರಿಸಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯೊಂದಿಗೆ ಪ್ರತಿ ಕೌಂಟರಿನಲ್ಲೂ ಇಡಿಸಿ, ಬಿಸಿ ರೊಟ್ಟಿಯ ಒಲೆಯನ್ನು ಮುಖ್ಯ ಸಾಲಿನಿಂದ ದೂರ, ಮೂಲೆಯಲ್ಲಿ ಹೂಡಿಸಬೇಕು. ಬೇಕಾದವರು ಅಲ್ಲಿ ಕಾಯುತ್ತಾರೆ, ಅನ್ನ-ಸಾರಿನವರ ಸಾಲು ನಿಲ್ಲುವುದಿಲ್ಲ. ಪ್ಲೇಟುಗಳ ಗ್ಯಾರಂಟಿ ಸಂಖ್ಯೆಯನ್ನು ಮುಂಚಿತವಾಗಿ ಕೊಡಬೇಕು, ಉಣ್ಣದಿದ್ದರೂ ಅಷ್ಟಕ್ಕೆ ಹಣ ಕಟ್ಟಲೇಬೇಕು. ಶುಲ್ಕ ಕಟ್ಟಿದವರು ಬಹುತೇಕ ಬರುತ್ತಾರೆ, ಪುಕ್ಕಟೆ ಹೆಸರು ಬರೆಸಿದವರಲ್ಲಿ ಎಷ್ಟೋ ಜನ ಬರುವುದಿಲ್ಲ. ಡೀಲರ್ ಮೀಟ್‌ನಲ್ಲಾದರೆ ಒಬ್ಬರನ್ನು ಕರೆದರೆ ಇಬ್ಬರು ಬರುತ್ತಾರೆ.

ಇನ್ನು ದುಡ್ಡು. ನಾನು ಸೇವಾ ಶುಲ್ಕವನ್ನು ಎಸ್ಟಿಮೇಟಿನಲ್ಲೇ ಬೇರೆ ಸಾಲಿನಲ್ಲಿ ಬರೆಯುತ್ತೇನೆ, ಅದರ ಮೇಲೆ ಶೇ. 18 ಜಿಎಸ್‌ಟಿ, ಅಡುಗೆಯವರಿಂದಾಗಲಿ ಸೌಂಡ್ ಸಿಸ್ಟಂನವರಿಂದಾಗಲಿ ಒಳಗಿಂದೊಳಗೆ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಇದರಲ್ಲಿ ದೊಡ್ಡ ಆದರ್ಶವೇನೂ ಇಲ್ಲ, ಈ ಊರಿನಲ್ಲಿ ಅಂಥ ಮಾತು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ, ಅಷ್ಟೇ. ಈ ವ್ಯವಹಾರದಲ್ಲಿ ಜನ ಮುಳುಗುವುದು ಬಾಕಿಯಿಂದ: ಹಾಲ್‌ನವರು, ಅಡುಗೆಯವರು ಮುಂಗಡ ಕೇಳುತ್ತಾರೆ, ಗಿರಾಕಿ ತಿಂಗಳುಗಟ್ಟಲೆ ಕಾಯಿಸುತ್ತಾನೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನು ಮೊದಲ ದಿನವೇ ಮಾಡಿಸಿ. 2006ರ ಎಂಎಸ್‌ಎಂಇ (ಸಣ್ಣ-ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಸಂದಾಯವಾಗಬೇಕು. 2024ರ ಏಪ್ರಿಲ್‌ನಿಂದ, ಹಾಗೆ ಕೊಡದೆ ಉಳಿಸಿಕೊಂಡ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದಾದ್ದರಿಂದ, ಕಂಪನಿಗಳ ಲೆಕ್ಕಪತ್ರದವರು ಮಾರ್ಚಿಗೆ ಮುಂಚೆ ತಾವಾಗಿಯೇ ಬಿಲ್ ಕೇಳುತ್ತಾರೆ. ಸಂಘ, ಟ್ರಸ್ಟುಗಳಿಗೆ ಈ ನಿಯಮ ಅಷ್ಟಾಗಿ ನಾಟುವುದಿಲ್ಲ. ಅವರಿಂದ ಸಭೆಗೆ ಮುನ್ನವೇ ಬಹುಪಾಲು ಹಣ ಪಡೆಯಿರಿ. ಕಾಲೇಜುಗಳ ಅನುದಾನದ ಸೆಮಿನಾರುಗಳಲ್ಲಿ ಕೊಟೇಶನ್, ಮಂಜೂರಾತಿ, ಆಡಿಟ್ ಎಂದು ತಡವಾದರೂ ಹಣ ಬರುತ್ತದೆ.

ಬೆಂಗಳೂರಿನಲ್ಲಿ ಒಂದೆರಡು ವರ್ಷ ದುಡಿದರೆ ನೋಂದಣಿ ಸಾಫ್ಟ್‌ವೇರ್, ದೊಡ್ಡ ಹೋಟೆಲುಗಳ ಒಪ್ಪಂದ ಓದುವ ಬಗೆ ಇವೆಲ್ಲ ಬೇಗ ಕೈಗೆ ಹತ್ತುತ್ತವೆ. ಆದರೆ ನಿಮ್ಮ ಜಾಗದಲ್ಲಿದ್ದರೆ ನಾನು ಹುಬ್ಬಳ್ಳಿಯ ಯಾವುದಾದರೂ ವೈದ್ಯರ ಸಮ್ಮೇಳನದ ನೋಂದಣಿ ಕೌಂಟರಿನಲ್ಲಿ ಕುಳಿತುಕೊಳ್ಳುವುದರಿಂದ ಆರಂಭಿಸಿ, ಸಭೆ ಮುಗಿದ ಮೇಲೆ ಅಲ್ಲಿ ಮಳಿಗೆ ಹಾಕಿದ ಸ್ಟಾಲ್‌ನವರ ರಸೀದಿ, ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ), ಜಿಎಸ್‌ಟಿ ಬಿಲ್ಲುಗಳನ್ನು ಜೋಡಿಸಿ ಖಜಾಂಚಿಯವರಿಗೆ ಹದಿನೈದು ದಿನದಲ್ಲಿ ಲೆಕ್ಕ ಒಪ್ಪಿಸುವ ಕೆಲಸವನ್ನು ಕೇಳಿ ಪಡೆಯುತ್ತಿದ್ದೆ. ಬಿ.ಕಾಂ. ಓದಿದವರಿಗೆ ಅದು ಕಷ್ಟವಲ್ಲ, ಆ ಕೆಲಸಕ್ಕೆ ಮುಂದೆ ಬರುವವರೂ ಕಡಿಮೆ. ಪದಾಧಿಕಾರಿಗಳು ಬದಲಾಗುವಾಗ ಹಳೆಯ ಖಜಾಂಚಿ ಹೊಸಬರಿಗೆ ಫೈಲ್ ಕೊಡುತ್ತಾ, ಲೆಕ್ಕ ಬರೆದವರ ಫೋನ್ ನಂಬರನ್ನೂ ಕೊಡುತ್ತಾರೆ. ನನಗೆ ಸಿಕ್ಕ ಸಂಘಗಳಲ್ಲಿ ಹೆಚ್ಚಿನವು ಬಂದದ್ದು ಹಾಗೆಯೇ.