ಸಿಎಸ್‌ಐ (ಪ್ರೊಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ) ಪಾಸ್ಟರಿಗೆ ಸಂಸಾರವಿದೆ, ಕ್ಯಾಥೊಲಿಕ್ ಫಾದರಿಗೆ ಯಾಕಿಲ್ಲ? ಪೋಪ್ ಇದನ್ನು ಬದಲಾಯಿಸಬಹುದೇ?

ಪೋಪ್ ಬದಲಾಯಿಸಬಹುದು. ಆದರೆ ಬದಲಾಯಿಸಿದರೂ ಈಗಿರುವ ಫಾದರ್‌ಗಳು ಮದುವೆಯಾಗುತ್ತಾರೆ ಅಂದುಕೊಳ್ಳಬೇಡಿ. ಅದು ಬೇರೆಯೇ ಪ್ರಶ್ನೆ.

ಕಡ್ಡಾಯ ಬ್ರಹ್ಮಚರ್ಯ ವಿಶ್ವಾಸದ ಸತ್ಯವಲ್ಲ, ಲ್ಯಾಟಿನ್ ಸಭೆಯ, ಅಂದರೆ ಹೆಚ್ಚಿನ ಕ್ಯಾಥೊಲಿಕರು ಸೇರಿದ ಪಶ್ಚಿಮದ ಶಾಖೆಯ ಶಿಸ್ತು. ದೀಕ್ಷೆ (ಪಾದ್ರಿ ಮುಂತಾದ ಹುದ್ದೆಗೆ ಏರಿಸುವ ವಿಧಿ) ಪಡೆದವರ ಮದುವೆ ಅಸಿಂಧು ಅಂತ ಸಾರಿದ್ದು 1139ರಲ್ಲಿ ಸೇರಿದ ಬಿಷಪರ ಎರಡನೇ ಲ್ಯಾಟರನ್ ಮಹಾಸಭೆ. ಚರ್ಚಿನ ಆಸ್ತಿ ಮಕ್ಕಳ ಪಾಲಾಗಬಾರದೆಂದೇ ಇದನ್ನು ತಂದರು ಎನ್ನುವುದು ಅರ್ಧ ಸತ್ಯ. ಪಾದ್ರಿಗಳು ಹೆಂಡತಿಯಿಂದ ದೂರವಿರಬೇಕೆಂಬ ಕಟ್ಟಳೆ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಬಿಷಪರ ಸಭೆಯಲ್ಲಿ 4ನೇ ಶತಮಾನದ ಆರಂಭದಲ್ಲೇ ಆಗಿತ್ತು. ಇತ್ತ ರೋಮಿಗೇ ಸೇರಿದ ಉಕ್ರೇನಿನ ಗ್ರೀಕ್ ಕ್ಯಾಥೊಲಿಕರಲ್ಲಿ ಇಂದಿಗೂ ಸಂಸಾರಸ್ಥ ಫಾದರ್‌ಗಳಿದ್ದಾರೆ. ಪೋಪರನ್ನು ಒಪ್ಪುವ ಪೂರ್ವದ ಶಾಖೆಗಳೆಲ್ಲ ಹಾಗೆಯೇ ಅಂತಲ್ಲ: ಕೇರಳ ಮೂಲದ ಅಂಥದೇ ಶಾಖೆಯಾದ ಸಿರೊ ಮಲಬಾರ್‌ನ ಬೆಳ್ತಂಗಡಿಯ ಫಾದರ್‌ಗಳೂ ಬ್ರಹ್ಮಚಾರಿಗಳೇ.

ಹತ್ತಿರದ ಉದಾಹರಣೆ ಬೇಕಿದ್ದರೆ ಉಡುಪಿ ಬಳಿಯ ಬ್ರಹ್ಮಾವರ. 19ನೇ ಶತಮಾನದ ಕೊನೆಗೆ ರೋಮಿನಿಂದ ಬೇರೆಯಾದ ಅಲ್ಲಿನ ಆರ್ಥೊಡಾಕ್ಸ್‌ ಕ್ರೈಸ್ತರ ಮನೆಮಾತೂ ಕರಾವಳಿಯ ಕ್ಯಾಥೊಲಿಕರಂತೆ ಕೊಂಕಣಿಯೇ, ಆದರೆ ಅವರ ಫಾದರಿಗೆ ಹೆಂಡತಿ ಮಕ್ಕಳಿರಬಹುದು. ಒಂದೇ ಷರತ್ತು, ಮೊದಲು ಮದುವೆ, ಆಮೇಲೆ ದೀಕ್ಷೆ. ದೀಕ್ಷೆಯಾದ ಮೇಲೆ ಹೆಣ್ಣು ನೋಡುವ ಹಾಗಿಲ್ಲ. ಸಂಸಾರಸ್ಥರನ್ನು ಬಿಷಪ್ ಮಾಡುವುದೂ ಇಲ್ಲ. ರೋಮ್ ಸಡಿಲಿಸಿದರೂ ಇದೇ ದಾರಿ ಹಿಡಿಯುತ್ತದೆ ಎಂಬುದು ನನ್ನ ಅಂದಾಜು. 2019ರ ಅಮೆಜಾನ್ ಸಿನೊಡ್ (ಆ ಪ್ರದೇಶದ ಕುರಿತ ಬಿಷಪರ ಸಭೆ) ಕೇಳಿದ್ದೂ ಅಷ್ಟನ್ನೇ: ದೂರದ ಊರುಗಳಿಗಾಗಿ, ಈಗಾಗಲೇ ಡೀಕನ್ (ಫಾದರಿಗಿಂತ ಒಂದು ಮೆಟ್ಟಿಲು ಕೆಳಗಿನ ದೀಕ್ಷಿತ) ಆಗಿರುವ ಸಂಸಾರಸ್ಥರಿಗೆ ಗುರುದೀಕ್ಷೆ ಕೊಡಿ ಅಂತ. ಮರುವರ್ಷ ಪೋಪ್ ಫ್ರಾನ್ಸಿಸ್ ಬರೆದ ಪತ್ರ ಆ ಬೇಡಿಕೆಯನ್ನು ಮುಟ್ಟಲೇ ಇಲ್ಲ.

ಇನ್ನು ಈಗಿರುವ ಫಾದರ್‌ಗಳ ವಿಷಯ. ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ (ಫಾದರ್ ಆಗುವವರ ತರಬೇತಿ ಕೇಂದ್ರ) ಕಲಿತವರು ಬ್ರಹ್ಮಚರ್ಯದ ಮಾತು ಕೊಡುವುದು ಗುರುದೀಕ್ಷೆಯ ದಿನವಲ್ಲ. ಅದಕ್ಕೂ ಕನಿಷ್ಠ 6 ತಿಂಗಳು ಮೊದಲು, ಡೀಕನ್ ಆಗುವಾಗ, ಬಿಷಪರ ಎದುರು. ಆ ಮಾತಿನಿಂದ ಬಿಡಿಸುವ ಅಧಿಕಾರ ಬಿಷಪರಿಗೂ ಇಲ್ಲ. ಅರ್ಜಿ ರೋಮಿಗೆ ಹೋಗಬೇಕು, ಪೋಪ್ ಒಪ್ಪಬೇಕು. ಒಪ್ಪಿದರೆ ಚರ್ಚಿನಲ್ಲೇ ಮದುವೆಯಾಗಬಹುದು, ಪೂಜೆ ಅರ್ಪಿಸುವಂತಿಲ್ಲ. ಅರ್ಜಿಯ ಗೋಜಿಲ್ಲದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದರೆ ಹುದ್ದೆ ತಾನಾಗಿಯೇ ಹೋಗುತ್ತದೆ, ಚರ್ಚಿನ ಲೆಕ್ಕಕ್ಕೆ ಅದು ಮದುವೆಯೂ ಅಲ್ಲ. (ಹೊರಬಂದವರೂ ಸಾಯುತ್ತಿರುವವರ ಪಾಪನಿವೇದನೆ ಕೇಳಿ ಕ್ಷಮೆ ಕೊಡಬಹುದು; ಇದು ಬಹಳ ಮಂದಿಗೆ ಗೊತ್ತಿಲ್ಲ.)

ನಿಯಮ ಐಚ್ಛಿಕವಾಗಲಿ ಅನ್ನುವವನೇ ನಾನು. ಆದರೆ ಅದನ್ನು ಕೇಳುವವರು ಖರ್ಚನ್ನೂ ಹೇಳಬೇಕು. ಈಗ ಫಾದರಿಗೆ ವರ್ಗವಾದರೆ ಒಂದು ಕಾರಿನಲ್ಲಿ ಸಾಮಾನು ಮುಗಿಯುತ್ತದೆ. ಸಂಸಾರವಿದ್ದರೆ ಮಕ್ಕಳ ಶಾಲೆ, ಹೆಂಡತಿಯ ಕೆಲಸ, ನಿವೃತ್ತಿಯ ನಂತರ ಅವರಿಗೊಂದು ಮನೆ, ಇಷ್ಟೂ ಚರ್ಚಿನ ಜನರ ಕಾಣಿಕೆಯಿಂದಲೇ ಬರಬೇಕು.